ವೀಸಾ ಬೇಡದ ನಾಡಿಗೆ

ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಪರದೇಶವೆಂದರೆ ಪಶ್ಚಿಮ ದಿಕ್ಕು. ಹಿತ್ತಿಲಿನ ತೆಂಗಿನ ಸಾಲು ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ನೀರು, ಆ ನೀರಿನ ಆಚೆಯ ಕೊನೆಯಲ್ಲಿ ಮಸ್ಕತ್ತು, ದುಬೈ, ದಮ್ಮಾಮುಗಳು ಇವೆಯೆಂಬ ಭೂಗೋಳಜ್ಞಾನವು ಇಲ್ಲಿಯ ಮಕ್ಕಳಿಗೆ ಶಾಲೆಯ ನಕ್ಷೆಯನ್ನು ಕಾಣುವುದಕ್ಕೆ ಮೊದಲೇ ಪ್ರಾಪ್ತವಾಗಿರುತ್ತದೆ. ಭಟ್ಕಳದ ನವಾಯತರ ಮನೆಗಳಲ್ಲಿ, ಅವರ ಅಂಗಡಿಗಳಲ್ಲಿ ವ್ಯಾಪಾರ ಕಲಿತು ಅವರ ಬೆನ್ನಿಗೇ ಕಡಲು ದಾಟಿದ ಇತರರ ಮನೆಗಳಲ್ಲಿಯೂ, ವೀಸಾ ಬರುವುದೆಂಬುದು ಒಂದು ಸಂವತ್ಸರವನ್ನೇ ಗುರುತಿಸುವಷ್ಟು ದೊಡ್ಡ ಸಂಗತಿಯಾಗಿತ್ತು. ವೀಸಾ ಬಂದ ವರ್ಷ ತಂಗಿಯ ಮದುವೆಯ ಮಾತುಕತೆ, ಮರುವರ್ಷ ಮಾಡಿನ ಮೇಲಣ ಹುಲ್ಲು ಹೋಗಿ ಮಂಗಳೂರು ಹೆಂಚು, ಅದರ ಮುಂದಿನ ವರ್ಷ ಬಾವಿಗೆ ಪಂಪು. ಅದರ ಮೇಲೆ, ಹತ್ತನೆಯ ತರಗತಿಯನ್ನು ದಾಟದೆ ದುಡಿಮೆಗೆಂದು ಹೊರಟವನು ನಮ್ಮದೇ ಸರಕಾರದ ಇನ್ನೊಂದು ಅಪ್ಪಣೆಯನ್ನೂ ಪಡೆಯಬೇಕು. 1983ರ ವಲಸೆ ಕಾಯಿದೆಯಂತೆ, ವಲಸಿಗರ ಸಂರಕ್ಷಕನೆಂಬ ಅಧಿಕಾರಿಯ ಒಪ್ಪಿಗೆಯಿಲ್ಲದೆ ಆತನು ಕೊಲ್ಲಿಯ ವಿಮಾನವನ್ನು ಏರುವಂತಿಲ್ಲ. ನಾನು ಈಚೆಗೆ ಹೋಗಿ ಬಂದ ಮಲೇಷ್ಯವೂ ಆ ನಿಯಮದ ಪಟ್ಟಿಯಲ್ಲಿರುವ ರಾಷ್ಟ್ರವೇ; ಆದರೆ ಪ್ರವಾಸಿಗೆ ಅದರ ಬಾಧೆಯಿಲ್ಲ. ಹಣವನ್ನು ಚೆಲ್ಲಲು ಹೊರಟವನನ್ನು ಒಂದು ಸರಕಾರ ಅರ್ಧ ಮನಸ್ಸಿನಿಂದ ವಿಚಾರಿಸುತ್ತದೆ. ಗಳಿಸಲು ಹೊರಟವನನ್ನು ಎರಡು ಸರಕಾರಗಳು ಕೂಡಿ ವಿಚಾರಿಸುತ್ತವೆ.

ಇಂಥ ಸೀಮೆಯಲ್ಲಿ, 2023ರ ಡಿಸೆಂಬರ್ 1ರಿಂದ ಭಾರತೀಯರು ಮಲೇಷ್ಯಕ್ಕೆ ವೀಸಾ ಇಲ್ಲದೆಯೇ ಹೋಗಿ ಮೂವತ್ತು ದಿನಗಳವರೆಗೆ ಇರಬಹುದೆಂಬ ವಾರ್ತೆಯು ಬಂದಾಗ ಅದನ್ನು ಯಾರೂ ಮೊದಲು ನಂಬಲಿಲ್ಲ. ಅದಕ್ಕೆ ಕೆಲವೇ ವಾರಗಳ ಹಿಂದೆ ಥಾಯ್ಲೆಂಡೂ ಹಾಗೆಯೇ ಮಾಡಿತ್ತು. ಶ್ರೀಲಂಕೆಯು ಭಾರತೀಯರಿಗೆ ಶುಲ್ಕವನ್ನು ಬಿಟ್ಟುಕೊಟ್ಟಿತ್ತು. ಕೀನ್ಯಾ ದೇಶವು 2024ರ ಆರಂಭದಿಂದ ಜಗತ್ತಿನ ಸಮಸ್ತರಿಗೂ ವೀಸಾ ರದ್ದೆಂದು ಸಾರಿತು. ಕುಮಟೆಯ ಪೇಟೆಯಲ್ಲಿ, ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳನ್ನು ತೂಗುಹಾಕಿಕೊಂಡು ಕುಳಿತವರ ನಡುವೆ ಕೂಡ ಈ ಮಾತು ಆಡಲ್ಪಟ್ಟಿತೆಂದ ಮೇಲೆ, ನಿವೃತ್ತನಾಗಿ ಬಾಡದ ಮನೆಯ ಜಗಲಿಯಲ್ಲಿ ಪುಸ್ತಕವನ್ನೋದುತ್ತ ಕಾಲ ಕಳೆಯುತ್ತಿದ್ದ ನನ್ನಂಥವನ ಕಿವಿಗೂ ಅದು ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸರದಿ ನಿಂತು, ತರುವಾಯ ಠಾಣೆಯ ಪೊಲೀಸರು ಮನೆಗೆ ಬಂದು ಚಹಾ ಕುಡಿದು ಹೋದುದರ ಫಲವಾಗಿ ದೊರೆತ ನಮ್ಮಿಬ್ಬರ ಪಾಸ್‌ಪೋರ್ಟುಗಳು ಕಪಾಟಿನಲ್ಲಿ ಒಂದು ಪುಟವೂ ಮಾಸದೆ ಬಿದ್ದಿದ್ದವು. ನನಗೆ ಮಲಾಕ್ಕಾ ಎಂಬ ಹಳೆಯ ಬಂದರನ್ನು ನೋಡಬೇಕೆಂಬ ಆಸೆ ಕಾಲೇಜಿನ ದಿನಗಳಿಂದ ಇತ್ತು; ಮನೆಯವಳಿಗೆ ಹೊರಡುವುದೇ ಮುಖ್ಯ, ಎಲ್ಲಿಗೆಂಬುದು ಆಮೇಲಿನ ಮಾತು. ದೀಪಾವಳಿ ಕಳೆದ ಮೇಲೆ ಹೋಗುವುದೆಂದು ಗೊತ್ತಾಯಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಟಿಕೆಟ್ಟು ತೆಗೆದುಕೊಟ್ಟು, ಕೊನೆಗೆ ಫೋನಿನಲ್ಲಿ ಒಂದು ಮಾತು ಸೇರಿಸಿದನು: "ಮಾವಾ, ವೀಸಾ ಬೇಡ ಅಂದ್ರೆ ಎಂತೂ ಬೇಡ ಅಂತಲ್ಲ. ಹೊರಡೂಕೆ ಮೂರು ದಿನದ ಒಳಗೆ ಅವರ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಮೊದಲೇ ತುಂಬಿದ್ರೆ ತಗೊಳ್ಳೂದಿಲ್ಲ, ಮರೆತ್ರೆ ವಿಮಾನ ಹತ್ತೂಕೆ ಬಿಡೂದಿಲ್ಲ."

ಆ ಪತ್ರವನ್ನು ಎಂಡಿಎಸಿ ಎನ್ನುತ್ತಾರೆ. ಮಲೇಷ್ಯ ಸರಕಾರದ ವಲಸೆ ಇಲಾಖೆಯ ಜಾಲತಾಣದಲ್ಲಿ ಅದನ್ನು ತುಂಬಬೇಕು, ದುಡ್ಡು ಕೊಡಬೇಕಾಗಿಲ್ಲ. ಕಾನೂನಿನ ದೃಷ್ಟಿಯಿಂದ ಅದು ವೀಸಾ ಅಲ್ಲ, ಅನುಮತಿಪತ್ರವೂ ಅಲ್ಲ. ಬರುವವನು ತಾನಾಗಿಯೇ ಮುಂದಾಗಿ ಮಾಡುವ ನಿವೇದನೆ. ಆದರೆ ಯಾವ ನಿವೇದನೆಯನ್ನು ಮಾಡದೆ ಹೋದರೆ ಪ್ರಯಾಣವೇ ನಿಂತುಹೋಗುವುದೋ ಅದನ್ನು ಅಪ್ಪಣೆಯಿಂದ ಬೇರ್ಪಡಿಸುವ ಸೂಕ್ಷ್ಮವು ನ್ಯಾಯಶಾಸ್ತ್ರಿಗಳಿಗೆ ಗೋಚರವಾಗಬಹುದೇ ಹೊರತು ಟಿಕೆಟ್ಟಿಗೆ ಹಣ ಕೊಟ್ಟು ಕುಳಿತವನಿಗೆ ಗೋಚರವಾಗದು.

ಆ ಸಂಜೆ ಜಗಲಿಯ ಕಂಬಕ್ಕೆ ಒರಗಿ ಮೊಬೈಲನ್ನು ಹಿಡಿದುಕೊಂಡು ಕುಳಿತೆ. ನಮ್ಮೂರಿನಲ್ಲಿ ಜಾಲಸಂಪರ್ಕವು ಮನೆಯೊಳಗೆ ಬರಲು ನಾಚುತ್ತದೆ. ಅಂಗಳದ ಅಂಚಿನಲ್ಲಿ, ತುಳಸಿಕಟ್ಟೆಯ ಆಸುಪಾಸಿನಲ್ಲಿ ಮಾತ್ರ ಅದರ ಸಂಚಾರ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ರಾಷ್ಟ್ರೀಯತೆ, ಪಾಸ್‌ಪೋರ್ಟಿನ ಅವಧಿ ಮುಗಿಯುವ ದಿನ, ಮಿಂಚಂಚೆ, ಅದನ್ನೇ ಮತ್ತೊಮ್ಮೆ, ಮೊಬೈಲ್ ಸಂಖ್ಯೆ, ಬರುವ ದಿನ, ಮರಳುವ ದಿನ, ವಿಮಾನದ ಸಂಖ್ಯೆ, ಯಾವ ನಿಲ್ದಾಣದಿಂದ ಹೊರಡುವುದು, ಯಾವ ವಸತಿಗೃಹ, ಅದರ ಬೀದಿ, ಊರು, ಅಂಚೆ ಸಂಖ್ಯೆ. ಮನೆಯವಳ ಪಾಸ್‌ಪೋರ್ಟಿನಲ್ಲಿ ಹೆಸರಿನ ಸಾಲು ಮಾತ್ರ ತುಂಬಿದ್ದು ಮನೆತನದ ಸಾಲು ಖಾಲಿಯಿರುವುದರಿಂದ ನನಗೆ ಅಳುಕಿತ್ತು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂಟಿ ಹೆಸರಿನ ಪಾಸ್‌ಪೋರ್ಟಿನವರನ್ನು ಪ್ರವಾಸಿ ವೀಸಾದ ಮೇಲೆ ಒಳಬಿಡಲಾಗದೆಂದು ಪ್ರಕಟಿಸಿದಾಗ ನಮ್ಮ ಕಡೆ ಎಷ್ಟು ಗಾಬರಿಯಾಗಿತ್ತೆಂಬುದು ನೆನಪಿನಲ್ಲಿತ್ತು. ಆದರೆ ಮಲಯ ಜನರಿಗೂ ಮನೆತನದ ಹೆಸರೆಂಬುದಿಲ್ಲ, ಇಂಥವನ ಮಗ, ಇಂಥವನ ಮಗಳು ಎಂಬ ಬಳಕೆಯೇ ಅವರದು. ಆದುದರಿಂದಲೋ ಏನೋ ಅವರ ಪತ್ರದಲ್ಲಿ ಹೆಸರಿಗೆ ಒಂದೇ ಕೋಷ್ಠಕವಿತ್ತು. ಅಲ್ಲಿಗೆ ಆ ಅಳುಕು ತೀರಿತು.

ಮನೆಯವಳು ಪಕ್ಕದಲ್ಲಿ ಕುಳಿತು ಮಲ್ಲಿಗೆ ದಂಡೆ ಕಟ್ಟುತ್ತಿದ್ದವಳು ಕನ್ನಡಕವನ್ನು ಸರಿಮಾಡಿಕೊಂಡು ಇಣುಕಿದಳು.

"ಉಳಕೊಳ್ಳೂ ಜಾಗದ ಪಿನ್ ಕೋಡೂ ಬೇಕಂತಾ? ನಾವು ಅವರಿಗೆ ಕಾಗದ ಬರೀತೇವಾ, ಅವರು ನಮಗೆ ಬರೀತಾರಾ?"

ಮಲಾಕ್ಕಾದ ಹಳೆಯ ಪೇಟೆಯ ಅಂಚೆ ಸಂಖ್ಯೆ 75200 ಎಂದು ಹುಡುಕಿ ಬರೆದೆ. ಕಟ್ಟಕಡೆಗೆ, ನಾನು ಯಂತ್ರವಲ್ಲ, ಮನುಷ್ಯನೇ ಎಂದು ಸಿದ್ಧಪಡಿಸುವುದಕ್ಕಾಗಿ ಒಂದು ಚಿತ್ರದ ತುಂಡನ್ನು ಬೆರಳಿನಿಂದ ಸರಿಸಿ ಅದರ ಹಳ್ಳದಲ್ಲಿ ಕೂರಿಸಬೇಕಾಯಿತು. ತೋಟದ ಕೆಲಸಕ್ಕೆ ಒಗ್ಗಿದ ನನ್ನ ಬೆರಳಿಗೆ ಅದು ಮೊದಲು ಒಲಿಯಲಿಲ್ಲ. ಒಲಿದ ಕ್ಷಣಕ್ಕೆ ಎಲ್ಲವೂ ಮುಗಿದು, ದಂಡೆಯ ನೂಲಿಗೆ ಮುಂದಿನ ಗಂಟು ಬೀಳುವುದರೊಳಗೆ ಕೌಲಾಲಂಪುರದ ಕಡೆಯಿಂದ ಸ್ವೀಕೃತಿಯ ಅಂಚೆ ಬಂದುಬಿಟ್ಟಿತು. ಯಾರೂ ಅದನ್ನು ಓದಿರಲಾರರು. ಮನುಷ್ಯನೊಬ್ಬನು ಓದಿ ಉತ್ತರಿಸಬಹುದಾದ ವೇಗವಲ್ಲ ಅದು. ನನ್ನ ಹುಟ್ಟು, ವಯಸ್ಸು, ವಸತಿಗಳನ್ನು ಒಂದು ಲೆಕ್ಕಾಚಾರವು ಇನ್ನೊಂದು ಲೆಕ್ಕಾಚಾರದೊಡನೆ ಹೋಲಿಸಿ ನೋಡಿ, ಅಡ್ಡಿಯಿಲ್ಲವೆಂದು ತೀರ್ಮಾನಿಸಿತ್ತು. ಮತ್ತು ಆ ತೀರ್ಮಾನವು, ನಾನು ಊರನ್ನು ಬಿಡುವುದಕ್ಕೆ ಮೊದಲೇ, ನನ್ನ ಅಂಗಳದಲ್ಲಿಯೇ ಆಗಿಹೋಗಿತ್ತು.

ಪರರಾಜ್ಯದ ಬಾಗಿಲು ಹೀಗೆ ಪ್ರವಾಸಿಯ ಮನೆಯವರೆಗೆ ನಡೆದುಬಂದ ಕಥೆಯು ಬಹಳ ಹಿಂದಿನದಲ್ಲ. ಆಸ್ಟ್ರೇಲಿಯವು 1996ರಲ್ಲಿಯೇ, ಮುಂದೆ ನಾಲ್ಕು ವರ್ಷಗಳಲ್ಲಿ ನಡೆಯಲಿದ್ದ ಸಿಡ್ನಿ ಒಲಿಂಪಿಕ್ಸ್‌ನ ಜನಸಂದಣಿಯನ್ನು ಕಣ್ಣಿಟ್ಟು, ಕಾಗದವಿಲ್ಲದ ವಿದ್ಯುನ್ಮಾನ ಅನುಮತಿಯನ್ನು ಮೊದಲುಮಾಡಿತು. ಅಮೆರಿಕವು ತನ್ನ ಮಿತ್ರರಾಷ್ಟ್ರಗಳ ಪ್ರಜೆಗಳಿಗೆ ವೀಸಾ ಬೇಡವೆಂದು ಎಂದೋ ಹೇಳಿದ್ದರೂ, 2001ರ ಸೆಪ್ಟೆಂಬರಿನ ಆ ದುರಂತದ ತರುವಾಯ ಮನಸ್ಸನ್ನು ಬಿಗಿಮಾಡಿಕೊಂಡು, 2009ರ ಜನವರಿಯಿಂದ ಎಸ್ಟಾ ಎಂಬ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಕೆನಡಾ 2016ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಬ್ರಿಟನ್ 2023ರ ನವೆಂಬರಿನಲ್ಲಿ ಕತಾರಿನವರಿಂದ ಆರಂಭಿಸಿ, 2025ರ ಏಪ್ರಿಲ್ ಹೊತ್ತಿಗೆ ಯುರೋಪಿನವರನ್ನೂ ಬಿಡದೆ, ಹದಿನಾರು ಪೌಂಡುಗಳನ್ನು ಕೇಳತೊಡಗಿತು. ಯುರೋಪಿನ ಒಕ್ಕೂಟವು ತನ್ನದನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದಿದೆ. ಕೀನ್ಯಾ ವೀಸಾವನ್ನು ತೆಗೆದ ಕೈಯಿಂದಲೇ ಮೂವತ್ತು ಡಾಲರುಗಳ ಪೂರ್ವಾನುಮತಿಯನ್ನು ತಂದಿಟ್ಟಿತು. ಅದು ವೀಸಾ ಎಂದೇ ಕರೆಸಿಕೊಳ್ಳುತ್ತಿದ್ದಾಗ ಅರ್ಜಿ ಹಾಕಬೇಕಾಗಿಲ್ಲದಿದ್ದ ನೆರೆಹೊರೆಯ ಕೆಲವು ಆಫ್ರಿಕದ ದೇಶದವರು ಕೂಡ ಆಗ ಅರ್ಜಿ ಹಾಕುವಂತಾದುದು ಆ ಉದಾರ ಘೋಷಣೆಯ ವಿಚಿತ್ರ ಫಲ. ಊಟದ ಪಂಕ್ತಿಗೆ ಬಾಳೆಲೆ ಹಾಕುವ ಮೊದಲು ತಲೆ ಎಣಿಸಿಕೊಳ್ಳುವ ಯಜಮಾನನ ಜಾಗರೂಕತೆಯು ಇಂದು ರಾಷ್ಟ್ರಗಳಿಗೆಲ್ಲ ಬಂದಿದೆ.

ಇದರಲ್ಲಿ ಒಂದು ನವಿರಾದ ಹಾಸ್ಯವನ್ನು ನಾನು ಕಾಣುತ್ತೇನೆ, ಕಾಣದಿರಲಾರೆ. ಫ್ರಾನ್ಸಿನವನೊಬ್ಬನು ಲಂಡನ್ನಿಗೆ ಹೋಗಲು ಮೊಬೈಲಿನಲ್ಲಿ ತನ್ನ ಮೋರೆಯ ಚಿತ್ರ ತೆಗೆದು ಕಳುಹಿಸಬೇಕಾಯಿತೆಂದು ಪತ್ರಿಕೆಗಳಲ್ಲಿ ಗೊಣಗುವುದನ್ನು ಓದುವಾಗ, ಅದೇ ಲಂಡನ್ನಿಗೆ ಹೋಗಲು ಬ್ಯಾಂಕಿನ ಆರು ತಿಂಗಳ ಲೆಕ್ಕ, ಜಮೀನಿನ ಪಹಣಿ, ಮಗನ ಸಂಬಳದ ಚೀಟಿ, ಮರಳಿ ಬರುವೆನೆಂಬ ಪ್ರತಿಜ್ಞೆ ಇವೆಲ್ಲವನ್ನೂ ಒಂದು ಕಟ್ಟು ಮಾಡಿ ಒಪ್ಪಿಸಿ ತಿಂಗಳುಗಟ್ಟಲೆ ಕಾದ ನಮ್ಮವರ ನೆನಪಾಗುತ್ತದೆ. ಶ್ರೀಮಂತ ರಾಷ್ಟ್ರಗಳವರು ಈಗ ಒಂದು ಮೆಟ್ಟಿಲು ಕೆಳಗಿಳಿದಿದ್ದಾರೆ. ನಾವು ಕೆಲವು ಕಡೆಗಳಲ್ಲಿ ಒಂದು ಮೆಟ್ಟಿಲು ಮೇಲೇರಿದ್ದೇವೆ. ಇಬ್ಬರೂ ನಡುವಣ ಮೆಟ್ಟಿಲಿನ ಮೇಲೆ, ಒಂದೇ ಬಗೆಯ ಪತ್ರವನ್ನು ತುಂಬುತ್ತ, ಒಬ್ಬರನ್ನೊಬ್ಬರು ಸಂಧಿಸಿದ್ದೇವೆ.

ಸಂಧಿಸುವುದು ಎಂಬುದನ್ನು ನಾನು ಕೇವಲ ಅಲಂಕಾರಕ್ಕಾಗಿ ಹೇಳುತ್ತಿಲ್ಲ. ನಮ್ಮ ಬಾಡದಿಂದ ಕಾಗಾಲದ ದಾರಿಯಲ್ಲಿ ಉತ್ತರಕ್ಕೆ ಸಾಗಿದರೆ ಅಘನಾಶಿನಿಯ ಅಳಿವೆ; ದೋಣಿಯಲ್ಲಿ ದಾಟಿದರೆ ತದಡಿ; ಅಲ್ಲಿಂದ ಗೋಕರ್ಣ ಬಹು ಸಮೀಪ. ಓಂ ಕಡಲತೀರದಲ್ಲಿಯೂ ಕುಡ್ಲೆಯಲ್ಲಿಯೂ ಚಳಿಗಾಲವಿಡೀ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುವ ಪರದೇಶೀಯರು ನಮ್ಮ ಸರಕಾರದ ಇಂಥದೇ ಏರ್ಪಾಟಿನಿಂದ ಬಂದವರು. ಭಾರತವು 2014ರ ನವೆಂಬರ್ 27ರಂದು ಆರಂಭಿಸಿದ ವಿದ್ಯುನ್ಮಾನ ಪ್ರವಾಸಾನುಮತಿಯೇ ಈಗ ಇ-ವೀಸಾ ಎನಿಸಿಕೊಂಡಿದೆ. 2025ರ ಅಕ್ಟೋಬರ್ 1ರಿಂದ ವಿದೇಶೀಯರಿಗೆ ನಾವೂ ಒಂದು ಇ-ಆಗಮನ ಪತ್ರವನ್ನು ಇಟ್ಟಿದ್ದೇವೆ. ಅವರಿಗೆ ಕೋಣೆ ಕೊಟ್ಟವನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅದಕ್ಕೆಂದಿರುವ ಫಾರಂ ತುಂಬಿ ಸರಕಾರಕ್ಕೆ ತಿಳಿಸತಕ್ಕದ್ದು. ತಾಳೆಗರಿಯ ಮಾಡಿನ ಕೆಳಗೆ ನಾಲ್ಕು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡುವ ಅಂಬಿಗರ ಹುಡುಗನೂ, ಬೆಳಿಗ್ಗೆ ಬಲೆ ಎಳೆದು ಬಂದು, ಮಧ್ಯಾಹ್ನ ಇಸ್ರೇಲಿನವನ ಪಾಸ್‌ಪೋರ್ಟಿನ ಸಂಖ್ಯೆಯನ್ನು ಮೊಬೈಲಿನಲ್ಲಿ ಒತ್ತುತ್ತಿರುವುದನ್ನು ನಾನು ಕಂಡಿದ್ದೇನೆ. ಅವನಿಗೆ ಇದು ರಾಜ್ಯದ ಸಾರ್ವಭೌಮತ್ವದ ಪ್ರಶ್ನೆಯಲ್ಲ. ಮಾಡದಿದ್ದರೆ ಠಾಣೆಯಿಂದ ಕರೆ ಬರುತ್ತದೆಂಬುದಷ್ಟೇ ಅವನ ರಾಜನೀತಿ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೂಗುವ ಕಟ್ಟೆಯ ಹಿಂದೆ ನಿಂತಿದ್ದ ತರುಣಿಯು ನಮ್ಮ ಪಾಸ್‌ಪೋರ್ಟುಗಳನ್ನು ತಿರುವಿ ನೋಡಿ, ಹೆಸರಿಗಿಂತ ಮೊದಲು, "ಎಂಡಿಎಸಿ ತೋರಿಸಿ" ಎಂದಳು. ಸಂಬಳಕ್ಕೆ ವಿಮಾನ ಸಂಸ್ಥೆಯ ನೌಕರಳಾದ ಆಕೆ ಆ ಕ್ಷಣಕ್ಕೆ ಮಲೇಷ್ಯದ ದ್ವಾರಪಾಲಿಕೆ. ಒಳಬಿಡಲಾಗದವನನ್ನು ಹೊತ್ತುತಂದ ವಿಮಾನದವರೇ ಅವನನ್ನು ತಮ್ಮ ಖರ್ಚಿನಿಂದ ಮರಳಿ ಒಯ್ಯಬೇಕೆಂದೂ, ಹಲವೆಡೆ ದಂಡವನ್ನೂ ತೆರಬೇಕೆಂದೂ ನಿಯಮವಿರುವುದರಿಂದ, ಸರಕಾರಗಳು ತಮ್ಮ ಕಾವಲಿನ ಬಹುಭಾಗವನ್ನು ವಿಮಾನದವರ ಹೆಗಲಿಗೆ ಏರಿಸಿ ನಿಶ್ಚಿಂತವಾಗಿವೆ. ನಮ್ಮ ಪಕ್ಕದ ಸಾಲಿನಲ್ಲಿ ಒಂದು ದೊಡ್ಡ ಸಂಸಾರವಿತ್ತು, ಅಜ್ಜಿಯಿಂದ ಹಿಡಿದು ಹಾಲುಗೂಸಿನವರೆಗೆ, ಬಯಲುಸೀಮೆಯ ಮಾತು. ಅವರಲ್ಲಿಯೂ ಪತ್ರವಿತ್ತು, ಬಣ್ಣದ ಅಕ್ಷರಗಳಲ್ಲಿ ಮುದ್ರಿಸಿ ಪ್ಲಾಸ್ಟಿಕ್ ಹೊದಿಸಿದ್ದು. ಸರಕಾರದ ತಾಣವನ್ನೇ ಹೋಲುವ ಯಾವುದೋ ಖಾಸಗಿ ತಾಣದಲ್ಲಿ ತಲೆಗಿಷ್ಟೆಂದು ಸಾವಿರಗಟ್ಟಲೆ ಕೊಟ್ಟು ಪಡೆದುದಂತೆ. ಅದರಲ್ಲಿ ಕೂಸಿನ ಪಾಸ್‌ಪೋರ್ಟ್ ಸಂಖ್ಯೆಯ ಜಾಗದಲ್ಲಿ ತಾಯಿಯದೇ ಇತ್ತು. ಉಚಿತವಾದುದನ್ನು ಮಾರುವವನ ಅಂಗಡಿಯು ಸದಾ ಉಚಿತವಾದುದಕ್ಕಿಂತ ಅಂದವಾಗಿರುತ್ತದೆ. ಮನೆಯ ಯಜಮಾನನು ಬೆವರೊರೆಸಿಕೊಳ್ಳುತ್ತ ನೆಲದ ಮೇಲೆಯೇ ಕುಳಿತು, ಹತ್ತನೆಯ ತರಗತಿಯಲ್ಲಿರಬಹುದಾದ ಮಗಳ ಕೈಗೆ ಮೊಬೈಲನ್ನು ಕೊಟ್ಟನು. ಆ ಮಗು ಒಂದೊಂದಾಗಿ ಎಲ್ಲರ ಪತ್ರಗಳನ್ನೂ ಹೊಸದಾಗಿ ತುಂಬಿ ಮುಗಿಸುವವರೆಗೆ ಅಜ್ಜಿ ವಿಷ್ಣುಸಹಸ್ರನಾಮವನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ವಿಮಾನದೊಳಗೆ ಅವರನ್ನು ಕಂಡು ನಮಗೆ ಸಮಾಧಾನವಾಯಿತು.

ಕೌಲಾಲಂಪುರದಲ್ಲಿ ಇಳಿದಾಗ ಯಾರೂ ಆ ಪತ್ರವನ್ನು ಕೇಳಲಿಲ್ಲ. ಗಾಜಿನ ಹಿಂದಿನ ಅಧಿಕಾರಿಯು ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟು, ಎರಡೂ ತೋರುಬೆರಳುಗಳನ್ನು ಒತ್ತಲು ಸನ್ನೆಮಾಡಿ, ಮುದ್ರೆಯೊತ್ತಿ ಮುಂದೂಡಿದನು. ನೋಡಬೇಕಾದುದೆಲ್ಲವೂ ಆತನ ಪರದೆಯ ಮೇಲೆ ನಮಗಿಂತ ಮೊದಲೇ ಬಂದು ಕುಳಿತಿತ್ತೆಂದು ಕಾಣುತ್ತದೆ.

ಮಲಾಕ್ಕಾ ಕೌಲಾಲಂಪುರದಿಂದ ದಕ್ಷಿಣಕ್ಕೆ, ಬಸ್ಸಿನಲ್ಲಿ ಎರಡು ತಾಸಿನ ದಾರಿ. ಇಕ್ಕೆಲದಲ್ಲಿಯೂ ತಾಳೆಯೆಣ್ಣೆಯ ತೋಟಗಳು, ಕಣ್ಣಿಗೆ ಬೇಸರವಾಗುವಷ್ಟು. ಊರು ಮಾತ್ರ ಬೇಸರ ತರುವುದಲ್ಲ. ಸಣ್ಣದೊಂದು ಹೊಳೆ, ಹೊಳೆಯ ಬಾಯಲ್ಲಿ ಪೇಟೆ, ಪೇಟೆಯ ಹಿಂದೆ ದಿಬ್ಬ. ಒಂದೇ ನೋಟಕ್ಕೆ ನನಗೆ ಹೊನ್ನಾವರವೂ ಭಟ್ಕಳವೂ ನೆನಪಾದುವು. 1748ರಲ್ಲಿ ಸ್ಥಾಪಿತವಾದ ಕಾಂಪುಂಗ್ ಕ್ಲಿಂಗ್ ಮಸೀದಿ, 1781ರ ಪೊಯ್ಯಾತ ವಿನಾಯಗರ್ ದೇವಾಲಯ, ಚೀನರ ಚೆಂಗ್ ಹೂನ್ ತೆಂಗ್ ಗುಡಿ, ಇವು ಮೂರೂ ಒಂದೇ ಓಣಿಯಲ್ಲಿ ಕೈಯೆಟಕುವಷ್ಟು ಅಂತರದಲ್ಲಿ ನಿಂತಿವೆ. ಹದಿನೈದನೆಯ ಶತಮಾನದಲ್ಲಿ ಈ ಪಟ್ಟಣವು ಸುಲ್ತಾನರ ಕೈಕೆಳಗೆ ಇದ್ದಾಗ, ಬಂದರಿಗೆ ನಾಲ್ವರು ಶಹಬಂದರರಿದ್ದರು: ಗುಜರಾತಿಗಳಿಗೊಬ್ಬನು, ಚೋಳಮಂಡಲ, ಬಂಗಾಳ, ಪೆಗು ಮೊದಲಾದ ಕಡೆಗಳವರಿಗೊಬ್ಬನು, ಜಾವಾ ಮತ್ತು ಪೂರ್ವದ್ವೀಪಗಳವರಿಗೊಬ್ಬನು, ಚೀನದ ಕಡೆಯವರಿಗೊಬ್ಬನು. ಹಡಗು ಲಂಗರು ಹಾಕಿದೊಡನೆ ಆಯಾ ಸೀಮೆಯ ಶಹಬಂದರನು ಬಂದು, ತನ್ನವರನ್ನು ಎದುರುಗೊಂಡು, ಸರಕನ್ನು ತೂಗಿಸಿ, ಸುಂಕವನ್ನು ಗೊತ್ತುಮಾಡಿ, ಇಳಿದುಕೊಳ್ಳಲು ಸ್ಥಳವನ್ನೂ ತೋರಿಸುತ್ತಿದ್ದನು. ಪೋರ್ಚುಗೀಸನಾದ ತೊಮೆ ಪಿರೆಸನು, ಈ ಊರಿನಲ್ಲಿ ಎಂಬತ್ತನಾಲ್ಕು ಭಾಷೆಗಳು ಕೇಳಿಬರುತ್ತವೆಂದು 1515ರ ಸುಮಾರಿಗೆ ಬರೆದಿಟ್ಟಿದ್ದಾನೆ. ಅನ್ಯರನ್ನು ವಿಚಾರಿಸದೆ ಒಳಗೆ ಬಿಡುತ್ತಿದ್ದರೆಂದಲ್ಲ. ವಿಚಾರಣೆಯು ಬಂದ ಮೇಲೆ ನಡೆಯುತ್ತಿತ್ತು, ಎದುರುಬದುರು ನಿಂತು ನಡೆಯುತ್ತಿತ್ತು, ಬಂದವನ ಭಾಷೆಯಲ್ಲಿಯೇ ನಡೆಯುತ್ತಿತ್ತು.

ಪಿರೆಸನು ಆ ಮಾತನ್ನು ಬರೆಯುವ ಹೊತ್ತಿಗೆ ಆ ವ್ಯವಸ್ಥೆಯು ಮುರಿದುಬಿದ್ದಿತ್ತು. ದಿಬ್ಬದ ಬುಡದಲ್ಲಿ ಇಂದು ಒಂಟಿಯಾಗಿ ನಿಂತಿರುವ ಕಲ್ಲಿನ ಬಾಗಿಲು, ಸಂತಿಯಾಗೋ ದ್ವಾರ, ಅಫೋನ್ಸೊ ಡಿ ಅಲ್ಬುಕರ್ಕನು 1511ರಲ್ಲಿ ಮಲಾಕ್ಕಾವನ್ನು ಗೆದ್ದು ಕಟ್ಟಿಸಿದ ಕೋಟೆಯ ಅವಶೇಷ. ಉಳಿದುದನ್ನು ಬ್ರಿಟಿಷರು 1807ರಲ್ಲಿ ಕೆಡವತೊಡಗಿದರು. ಆ ದ್ವಾರದ ಕೆಳಗೆ ಶಾಲಾಮಕ್ಕಳು ಚಿತ್ರ ತೆಗೆಸಿಕೊಳ್ಳಲು ನೂಕಾಡುತ್ತಿದ್ದಾಗ ನನ್ನ ಮನಸ್ಸು ನಮ್ಮ ಕರಾವಳಿಯ ಕಡೆಗೆ ಓಡಿತು. ಈ ಅಲ್ಬುಕರ್ಕನು ಇದಕ್ಕೆ ಹಿಂದಿನ ವರ್ಷವೇ ಗೋವೆಯನ್ನು ಹಿಡಿದಿದ್ದನು. ಆಗ ಆತನಿಗೆ ದಾರಿ ತೋರಿಸಿದವನು ಹೊನ್ನಾವರದ ತಿಮ್ಮೋಜ. ಅದಕ್ಕೂ ಮುಂಚೆ, 1502ರಲ್ಲಿ, ವಾಸ್ಕೊ ಡ ಗಾಮನು ತನ್ನ ಎರಡನೆಯ ಯಾನದಲ್ಲಿ ಭಟ್ಕಳಕ್ಕೆ ಬಂದು ಅಲ್ಲಿಯವರ ಮೇಲೆ ಅಕ್ಕಿಯ ಕಪ್ಪವನ್ನು ಹೇರಿದ್ದನು. ಆ ದಿನಗಳಲ್ಲಿಯೇ ಹುಟ್ಟಿಕೊಂಡುದು ಕರ್ತಾಜ್ ಎಂಬ ರಹದಾರಿ ಚೀಟಿ.

ಭಟ್ಕಳದಿಂದಲೋ ಹೊನ್ನಾವರದಿಂದಲೋ ಹೊರಡುವ ಹಡಗು, ಹೊರಡುವ ಮುನ್ನ, ಪೋರ್ಚುಗೀಸರ ಕೋಟೆಯೊಂದಕ್ಕೆ ಹೋಗಿ ಆ ಚೀಟಿಯನ್ನು ಪಡೆಯಬೇಕು. ಹಡಗಿನ ಹೆಸರು, ಅದರ ನಾಯಕನಾದ ನಾಖೋದನ ಹೆಸರು, ಹಡಗಿನ ಗಾತ್ರ, ಅದರಲ್ಲಿರುವ ಆಯುಧಗಳು, ಎಲ್ಲಿಗೆ ಹೋಗುವುದು, ಎಲ್ಲವನ್ನೂ ಅದರಲ್ಲಿ ಬರೆಸಬೇಕು. ಕಾಳುಮೆಣಸು ಮುಂತಾದ ತಮಗೆ ಮೀಸಲಾದ ಸರಕು ಹೇರಕೂಡದು. ತಮ್ಮ ವೈರಿಗಳಾದ ತುರ್ಕರನ್ನು ಹತ್ತಿಸಿಕೊಳ್ಳಕೂಡದು. ಅವರ ಬಂದರಿಗೆ ಬಂದು ಸುಂಕವನ್ನೂ ಕಟ್ಟಬೇಕು. ಚೀಟಿಯ ಬೆಲೆ ಅಲ್ಪವೇ. ಬೆಲೆಯಿದ್ದುದು ಅದರ ಬೆನ್ನಿಗೆ ಬರುವ ಷರತ್ತುಗಳಿಗೆ. ಚೀಟಿಯಿಲ್ಲದೆ ಸಮುದ್ರದಲ್ಲಿ ಸಿಕ್ಕಿದ ಹಡಗು, ಸರಕುಸಹಿತ, ಹಿಡಿದವನ ಪಾಲು. ಮೆಣಸಿನ ರಾಣಿಯೆಂದು ಪೋರ್ಚುಗೀಸರಿಂದಲೇ ಕರೆಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸೀಮೆಯಲ್ಲಿ ಬೆಳೆದ ಮೆಣಸು ಕೂಡ ಈ ಕಾವಲಿನ ನಡುವೆಯೇ ಶರಾವತಿಯಲ್ಲಿ ಇಳಿದು ಕಡಲನ್ನು ಸೇರಬೇಕಾಗಿತ್ತು. 1569ರಲ್ಲಿ ಹೊನ್ನಾವರದ ಕೋಟೆಯೇ ಅವರ ವಶವಾಯಿತು. ಇದೇನು ಚಿಕ್ಕಪುಟ್ಟ ಪಾಳೆಯಗಾರರಿಗೆ ಮಾತ್ರ ಒದಗಿದ ದೈನ್ಯವಲ್ಲ. ಹಿಂದುಸ್ಥಾನದ ಬಾದಶಹನಾದ ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಮಳು ಮಕ್ಕಾ ಯಾತ್ರೆಗೆಂದು ಹೊರಟವಳು ಇಂಥ ಚೀಟಿಯ ಕಾರಣದಿಂದ ಸೂರತ್ತಿನಲ್ಲಿ ಬಹುಕಾಲ ತಡೆಯಬೇಕಾಗಿ ಬಂದು, 1576ರಲ್ಲಿ ಹಡಗು ಹತ್ತಿದಳು. ಭೂಮಿಯ ಮೇಲೆ ಆಕೆಯ ಅಳಿಯನ ಮಾತಿಗೆ ಎದುರಿರಲಿಲ್ಲ. ನೀರಿನ ಮೇಲೆ ಗೋವೆಯ ಒಬ್ಬ ಕಾರಕೂನನ ಸಹಿಯೇ ಹೆಚ್ಚು.

ನನ್ನ ಮೊಬೈಲಿನಲ್ಲಿದ್ದ ಪತ್ರವನ್ನೂ ಆ ಚೀಟಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯವೆಂದು ಬಲ್ಲೆ. ಅಲ್ಬುಕರ್ಕನಿಗೆ ಆ ಸಮುದ್ರದ ಮೇಲೆ ತೋಪಿನ ಹೊರತು ಬೇರೆ ಅಧಿಕಾರವಿರಲಿಲ್ಲ. ಮಲೇಷ್ಯವು ತನ್ನ ಮನೆಗೆ ಯಾರು ಬರುತ್ತಾರೆಂದು ಕೇಳುವುದು ಅದರ ಹಕ್ಕು, ಮತ್ತು ಅದು ಕೇಳುವ ರೀತಿಯಲ್ಲಿ ಯಾವ ಒರಟುತನವೂ ಇಲ್ಲ. ನನಗೆ ಸೋಜಿಗವೆನಿಸಿದುದು ಕ್ರಮದ ಸಾಮ್ಯ. ಶಹಬಂದರನು ಬಂದವನನ್ನು ಕೇಳುತ್ತಿದ್ದನು. ಕರ್ತಾಜ್ ಹೊರಡುವವನನ್ನು ಕೇಳುತ್ತಿತ್ತು. ಬಂದವನನ್ನು ಕೇಳುವುದರಲ್ಲಿ ಒಂದು ಜೂಜಿದೆ, ಕೇಳುವವನಿಗೂ ಹೇಳುವವನಿಗೂ. ಎದುರು ನಿಂತ ಮನುಷ್ಯನ ಬಳಲಿಕೆ, ಅವನ ಹೆಂಡತಿಮಕ್ಕಳ ಮುಖ, ಮಾತಿನ ವಿನಯ ಇವುಗಳಿಂದ ಕಲ್ಲೆದೆಯ ಅಧಿಕಾರಿಯೂ ಒಮ್ಮೊಮ್ಮೆ ಕರಗಬಹುದು. ಹೊರಡುವವನನ್ನೇ ತಡೆದರೆ ಆ ಅಪಾಯವಿಲ್ಲ. ಅಲ್ಲಗಳೆಯಲ್ಪಟ್ಟವನು ಅವನ ಊರಿನಲ್ಲಿಯೇ ಇರುತ್ತಾನೆ, ಯಾರ ಕಣ್ಣಿಗೂ ಬೀಳದೆ. ನನ್ನ ಅರ್ಜಿಗೆ ಒಪ್ಪಿಗೆ ಬಂದಿತು, ಅದಕ್ಕಾಗಿ ನಾನು ಮಲಾಕ್ಕಾದ ದಿಬ್ಬದ ಮೇಲೆ ನಿಂತು ಇಂಥ ವಿಚಾರಗಳನ್ನು ಮಾಡುವಷ್ಟು ವಿರಾಮವುಳ್ಳವನಾದೆ. ಬಾರದಿದ್ದವರು ಯಾರು, ಎಷ್ಟು ಜನ, ಯಾವ ಕಾರಣಕ್ಕೆ ಎಂಬುದನ್ನು ಆ ಬಾಗಿಲಲ್ಲಿ ನಿಂತ ಯಾವ ಅಧಿಕಾರಿಯೂ ಹೇಳಲಾರನು, ಏಕೆಂದರೆ ಅವರು ಆ ಬಾಗಿಲಿನವರೆಗೆ ಬಂದಿರುವುದೇ ಇಲ್ಲ.

ವಿನಾಯಕನ ಗುಡಿಯ ಹೊರಜಗಲಿಯಲ್ಲಿ ಒಬ್ಬ ಹಿರಿಯರ ಪರಿಚಯವಾಯಿತು. ಮಲಾಕ್ಕಾದ ಚಿಟ್ಟಿಗಳೆಂಬ ಸಮುದಾಯದವರು. ಸುಲ್ತಾನರ ಕಾಲದಲ್ಲಿ ಚೋಳಮಂಡಲದ ಕಡೆಯಿಂದ ವ್ಯಾಪಾರಕ್ಕೆ ಬಂದು ಇಲ್ಲಿಯವರನ್ನೇ ಮದುವೆಯಾಗಿ ನೆಲಸಿದವರ ಸಂತತಿ. ದೇವರು ಶಿವ, ಉಡುಗೆ ಮಲಯರದು, ಮನೆಮಾತೂ ಮಲಯವೇ, ತಮಿಳು ಬಾರದು. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು. ಮನೆಯವಳು ಕನ್ನಡದಲ್ಲಿ, ಕೈಸನ್ನೆಯನ್ನೂ ಸೇರಿಸಿ, ನನಗಿಂತ ಚೆನ್ನಾಗಿ ಮಾತಾಡಿದಳು. ನಾವು ವೀಸಾ ಇಲ್ಲದೆ ಬಂದೆವೆಂದು ಕೇಳಿ ಅವರು ನಕ್ಕು, ತಾವು ಭಾರತಕ್ಕೆ ಬರಬೇಕೆಂದು ಬಹಳ ದಿನಗಳಿಂದ ಇದ್ದಾರೆಂದೂ, ಮೊಮ್ಮಗನು ಅರ್ಜಿಯನ್ನು ತೆರೆದು ಕೊಟ್ಟಿದ್ದಾನೆಂದೂ ಹೇಳಿ, ಅಂಗಿಯ ಕಿಸೆಯಿಂದ ಒಂದು ಪಟ್ಟಿಯನ್ನು ತೆಗೆದರು. ನಮ್ಮ ಸರಕಾರದ ಇ-ವೀಸಾ ಕೇಳುವ ಪ್ರಶ್ನೆಗಳು. ಧರ್ಮ ಯಾವುದು, ವಿದ್ಯಾಭ್ಯಾಸ ಎಷ್ಟು, ತಂದೆ ಎಲ್ಲಿ ಹುಟ್ಟಿದರು, ತಾಯಿ ಎಲ್ಲಿ ಹುಟ್ಟಿದರು, ಅವರಾಗಲಿ ಅವರ ತಂದೆತಾಯಿಗಳಾಗಲಿ ಎಂದಾದರೂ ಪಾಕಿಸ್ತಾನದಲ್ಲಿದ್ದರೇ, ಕಳೆದ ಹತ್ತು ವರ್ಷಗಳಲ್ಲಿ ಯಾವ ಯಾವ ದೇಶಗಳಿಗೆ ಹೋಗಿದ್ದಿರಿ. ಮಲೇಷ್ಯದ ಪತ್ರವನ್ನು ನಾನು ಒಂದು ದಂಡೆ ಕಟ್ಟುವ ಹೊತ್ತಿನಲ್ಲಿ ತುಂಬಿದ್ದೆ; ಇದನ್ನು ತುಂಬಲು ಒಂದು ವಂಶಾವಳಿಯೇ ಬೇಕು. ನನ್ನ ದೇಶವೇ ಇಷ್ಟು ದೀರ್ಘವಾಗಿ ಕೇಳುತ್ತದೆಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ತಿಳಿಯಲು ಕಾರಣವೂ ಇರಲಿಲ್ಲ.

"ಭಾರತದಲ್ಲಿ ನಿಮ್ಮನ್ನು ಬಲ್ಲ ಒಬ್ಬರ ಹೆಸರು, ವಿಳಾಸ, ಫೋನು" ಎಂಬ ಸಾಲಿನ ಮುಂದೆ ಅವರು ಏನೂ ಬರೆದಿರಲಿಲ್ಲ. ಐದುನೂರು ವರ್ಷಗಳ ಹಿಂದೆ ಬಿಟ್ಟುಬಂದ ನಾಡಿನಲ್ಲಿ ಯಾರಿರುತ್ತಾರೆ? ನಾನು ಬಾಡದ ವಿಳಾಸವನ್ನು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಕೈಮುಗಿದು, ಪಟ್ಟಿಯಲ್ಲಿ ಉಳಿದ ಇನ್ನೊಂದು ಖಾಲಿ ಜಾಗವನ್ನು ತೋರಿಸಿದರು: ಎದ್ದು ಕಾಣುವ ಗುರುತು. ಎಪ್ಪತ್ತು ದಾಟಿದ ಮೈಯಲ್ಲಿ ಗುರುತುಗಳಿಗೇನು ಕೊರತೆ, ಯಾವುದನ್ನು ಬರೆಯಲಿ ಎಂದು ಅವರ ಪ್ರಶ್ನೆ. ನಾನು ಯೋಚಿಸುತ್ತಿದ್ದಂತೆಯೇ ಮನೆಯವಳು ಅವರ ಮುಖವನ್ನು ದಿಟ್ಟಿಸಿ ನೋಡಿ, ಎಡಹುಬ್ಬಿನ ಮೇಲಿನ ಹಳೆಯ ಗಾಯದ ಕಲೆಗೆ ಬೆರಳು ತೋರಿಸಿ, "ಇದನ್ನೇ ಬರೀಲಿ, ಬೇರೆ ಎಂತಕ್ಕೆ?" ಎಂದಳು.